ಮೊಣಕಾಲು ನೋವಿನ ಅವ್ವನ ಜೊತೆ ಊಖೀಮಠಕ್ಕೆ: ಮಂಡ್ಯದಿಂದ ಹೋಗಿಬಂದ ಬಗೆ

ನಮ್ಮವ್ವನಿಗೆ 74. ಕಾಲು ಗಟ್ಟಿಯಿದ್ದಾಗ ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಊರವರ ಜೊತೆ ನಡೆದುಕೊಂಡೇ ಹೋಗುತ್ತಿದ್ದವಳು. ಈಗ ನನ್ನ ಅಂಗಡಿಯ ಎರಡು ಮೆಟ್ಟಿಲು ಹತ್ತುವುದಕ್ಕೂ ಬಾಗಿಲ ಚೌಕಟ್ಟು ಹಿಡಿಯಬೇಕು. ನಾನು ಮಂಡ್ಯದಲ್ಲಿ ಬ್ಲೌಸ್ ಹೊಲಿಯುವವಳು. ಮಿಷನ್ ಪಕ್ಕದ ಸ್ಟೂಲಿನ ಮೇಲೆ ಕೂತು ಗುಂಡಿ ಹಾಕುತ್ತಾ ಅವ್ವ ಎರಡು ವರ್ಷದಿಂದ ಒಂದೇ ಮಾತು ಹೇಳುತ್ತಿದ್ದಳು: "ಕೇದಾರ ಒಂದ ನೋಡ್ಬುಟ್ರೆ ಸಾಕು ಕನ್ ಮಗ."

ಕೇದಾರನಾಥ ಇರುವುದು 3,583 ಮೀಟರ್ ಎತ್ತರದಲ್ಲಿ. ಗೌರಿಕುಂಡದಿಂದ ಮೇಲಕ್ಕೆ ಹದಿನಾರು ಕಿಲೋಮೀಟರಿನ ಆಸುಪಾಸು ಕಾಲುದಾರಿ. ನಮ್ಮ ಬೀದಿಯವರೆಲ್ಲ ಹೆಲಿಕಾಪ್ಟರ್‌ನಲ್ಲಿ ಕಳಿಸು ಎಂದರು. ಹೆಲಿಕಾಪ್ಟರು ನಡಿಗೆ ತಪ್ಪಿಸುತ್ತದೆ, ಎತ್ತರವನ್ನು ತಪ್ಪಿಸುವುದಿಲ್ಲ. ಕೆಳಗಿನ ಗಾಳಿಗೆ ಒಗ್ಗಿದ ಎದೆಯನ್ನು ಕೆಲವೇ ನಿಮಿಷದಲ್ಲಿ ತೆಳುಗಾಳಿಗೆ ಎತ್ತಿ ಇಳಿಸಿಬಿಡುತ್ತದೆ, ಅಷ್ಟೆ. ಬಿಪಿ ಮಾತ್ರೆ ನುಂಗುವ ಅವ್ವನಿಗೆ ಅದು ಬೇಡ ಎಂದು ಡಾಕ್ಟರೂ ಹೇಳಿದರು.

ಆಮೇಲೆ ಗೊತ್ತಾದದ್ದು ಇಷ್ಟು: ಅವ್ವ ಕೇದಾರಕ್ಕೆ ಹತ್ತಬೇಕಾಗಿಲ್ಲ, ವರ್ಷದಲ್ಲಿ ಆರು ತಿಂಗಳು ಕೇದಾರನೇ ಇಳಿದು ಬಂದು ಉತ್ತರಾಖಂಡದ ಊಖೀಮಠ ಎಂಬ ಪುಟ್ಟ ಊರಿನಲ್ಲಿ ಇರುತ್ತಾನೆ. ಅದರ ಎತ್ತರ ಸುಮಾರು 1,300 ಮೀಟರ್. ನಮ್ಮ ಚಾಮುಂಡಿ ಬೆಟ್ಟ ಸಾವಿರದ ಮೇಲೆ ಒಂದಿಷ್ಟು ಇದೆಯಲ್ಲ, ಅದಕ್ಕಿಂತ ಸ್ವಲ್ಪ ಹೆಚ್ಚು. ಉಸಿರಿಗೆ ತೊಂದರೆಯಿಲ್ಲ, ವಾಹನ ಊರಿನವರೆಗೂ ಹೋಗುತ್ತದೆ.

"ಹಂಗಾದ್ರೆ ಅದು ನಿಜವಾದ ಕೇದಾರ ಅಲ್ವೇನೋ" ಎಂದು ಅವ್ವ ಅನುಮಾನಪಟ್ಟಳು. ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಬರುತ್ತದೆ. ನಾನು ಮೇಲುಕೋಟೆ ತೋರಿಸಿದೆ. ಗರ್ಭಗುಡಿಯ ಚೆಲುವನಾರಾಯಣ ಕದಲುವುದಿಲ್ಲ, ವೈರಮುಡಿ ಹೊತ್ತು ಬೀದಿಗೆ ಬರುವುದು ಚೆಲುವಪಿಳ್ಳೆ. ಹಾಗಂತ ವೈರಮುಡಿ ನೋಡಿದವರು ದೇವರನ್ನು ನೋಡಿಲ್ಲ ಎನ್ನುತ್ತೇವಾ? ಇಲ್ಲೂ ಹಾಗೆಯೇ. ಕೇದಾರದ ಲಿಂಗ ಹಿಮದ ನಡುವೆ ಅಲ್ಲೇ ಇರುತ್ತದೆ. ಐದು ಮುಖದ ಉತ್ಸವಮೂರ್ತಿ ಪಲ್ಲಕ್ಕಿಯಲ್ಲಿ ಕೆಳಗೆ ಬರುತ್ತದೆ. ಅವರು ಅದನ್ನು ಡೋಲಿ ಎನ್ನುತ್ತಾರೆ. ಚಳಿಗಾಲದ ಪೂಜೆಯೆಲ್ಲ ಊಖೀಮಠದ ಓಂಕಾರೇಶ್ವರ ಗುಡಿಯಲ್ಲಿ. ಅವ್ವನಿಗೆ ಅಷ್ಟು ಸಾಕಾಯಿತು.

ಯಾವಾಗ ಹೋಗಬೇಕು ಅನ್ನುವುದೇ ಇದರಲ್ಲಿ ಮುಖ್ಯ. ಬೇಸಿಗೆ ರಜೆಯಲ್ಲಿ ಮಕ್ಕಳ ಜೊತೆ ಹೋದರೆ ಊಖೀಮಠದಲ್ಲಿ ಕೇದಾರ ಇರುವುದಿಲ್ಲ, ಮೇಲಿರುತ್ತಾನೆ. ಕೇದಾರದ ಬಾಗಿಲು ಹಾಕುವುದು ದೀಪಾವಳಿ ಕಳೆದು ಬರುವ ಅಣ್ಣತಂಗಿ ಬಿದಿಗೆಯ ದಿನ, ಅವರ ಭಾಯಿ ದೂಜ್. 2024ರಲ್ಲಿ ಅದು ನವೆಂಬರ್ 3, 2025ರಲ್ಲಿ ಅಕ್ಟೋಬರ್ 23. ಹಬ್ಬ ಹಿಂದುಮುಂದಾದಂತೆ ತಾರೀಖೂ ಆಗುತ್ತದೆ, ಹಾಗಾಗಿ ಕ್ಯಾಲೆಂಡರಿನಲ್ಲಿ ದೀಪಾವಳಿ ನೋಡಿಕೊಂಡು ಲೆಕ್ಕ ಹಾಕಿ. ಬಾಗಿಲು ಹಾಕಿದ ದಿನ ಹೊರಟ ಡೋಲಿ ಮೊದಲ ರಾತ್ರಿ ರಾಂಪುರದಲ್ಲಿ, ಎರಡನೆಯ ರಾತ್ರಿ ಗುಪ್ತಕಾಶಿಯ ವಿಶ್ವನಾಥ ಗುಡಿಯಲ್ಲಿ ತಂಗಿ ಮೂರನೆಯ ದಿನ ಊಖೀಮಠ ಸೇರುತ್ತದೆ. ಮತ್ತೆ ಬೇಸಿಗೆಯಲ್ಲಿ ಮೇಲೆ ಹೋಗುವ ದಿನ ಯಾವುದೆಂದು ಶಿವರಾತ್ರಿಯ ದಿನ ಇದೇ ಓಂಕಾರೇಶ್ವರ ಗುಡಿಯಲ್ಲಿ ಪಂಚಾಂಗ ನೋಡಿ ಸಾರುತ್ತಾರೆ. 2025ರಲ್ಲಿ ಮೇಲೆ ಬಾಗಿಲು ತೆಗೆದದ್ದು ಮೇ 2ಕ್ಕೆ.

ಡೋಲಿ ಬರುವ ದಿನವೇ ಹೋಗುವುದು ದರ್ಜಿಗಳಿಗಂತೂ ಆಗದ ಮಾತು. ದೀಪಾವಳಿ ಹಿಂದಿನ ರಾತ್ರಿ ಎರಡು ಗಂಟೆವರೆಗೆ ನನ್ನ ಮಿಷನ್ ಓಡುತ್ತಿರುತ್ತದೆ. ಹಾಗಾಗಿ ನಾವು ಹಬ್ಬದ ಗಡಿಬಿಡಿ ಮುಗಿಸಿ, ಕಾರ್ತಿಕದ ಮದುವೆ ಬ್ಲೌಸುಗಳಿಗೆ ಹತ್ತು ದಿನ ಬಾಯಿ ಬಿಟ್ಟು "ಆಗಲ್ಲಕ್ಕ" ಎಂದು ಹೇಳಿ, 2024ರ ನವೆಂಬರ್ ಮೂರನೆಯ ವಾರ ಹೊರಟೆವು. ಅದು ಒಳ್ಳೆಯದೇ ಆಯಿತು. ಯಾಕೆಂದು ಮುಂದೆ ಹೇಳುತ್ತೇನೆ.

ಏನೇ ಆದರೂ ಆಷಾಢ, ಶ್ರಾವಣದಲ್ಲಿ ಆ ಕಡೆ ತಲೆ ಹಾಕಬೇಡಿ. ಜುಲೈ, ಆಗಸ್ಟಿನ ಮಳೆಗೆ ಗುಡ್ಡ ಜರಿದು ರಸ್ತೆ ಕಟ್ಟುವುದು ಅಲ್ಲಿ ಮಾಮೂಲು. 2013ರ ಜೂನ್ ಪ್ರವಾಹದಲ್ಲಿ ಕೊಚ್ಚಿಹೋದ ದಡಗಳನ್ನು ಮಂದಾಕಿನಿಯ ಪಕ್ಕದಲ್ಲಿ ಈಗಲೂ ಕಾಣಬಹುದು.

ಇನ್ನು ದಾರಿ. ಮಂಡ್ಯದಿಂದ ಬೆಂಗಳೂರಿಗೆ ಬೆಳಗಿನ ರೈಲು, ಸಂಜೆ ಕರ್ನಾಟಕ ಎಕ್ಸ್‌ಪ್ರೆಸ್. ಎರಡು ರಾತ್ರಿ ರೈಲಿನಲ್ಲಿ, ಮೂರನೆಯ ದಿನ ದೆಹಲಿ. ಅಲ್ಲಿಂದ ಹರಿದ್ವಾರಕ್ಕೋ ಋಷಿಕೇಶಕ್ಕೋ ಇನ್ನೊಂದು ರೈಲು. ಮೈಸೂರಿನಿಂದ ನೇರ ನಿಜಾಮುದ್ದೀನ್‌ಗೆ ಸ್ವರ್ಣಜಯಂತಿ ಎಕ್ಸ್‌ಪ್ರೆಸ್ ಇದೆ, ಆದರೆ ವಾರಕ್ಕೊಂದೇ ಸಲ. ದಿನ ಹೊಂದಿದರೆ ಬೆಂಗಳೂರಿನಲ್ಲಿ ಇಳಿದು ಹತ್ತುವ ಕಷ್ಟ ತಪ್ಪುತ್ತದೆ. ದುಡ್ಡಿದ್ದವರು ಬೆಂಗಳೂರಿನಿಂದ ಡೆಹ್ರಾಡೂನಿಗೆ ವಿಮಾನ ಹಿಡಿಯಬಹುದು, ನಿಲ್ದಾಣವಿರುವ ಜಾಲಿ ಗ್ರಾಂಟ್‌ನಿಂದ ಋಷಿಕೇಶ ಹತ್ತಿರ. ರೈಲಿನವರು ಕೆಳಗಿನ ಬರ್ತಿಗೆ ಮೊದಲೇ ನೋಡಿಕೊಳ್ಳಿ. ಹಿರಿಯರ ವಯಸ್ಸು ಟಿಕೆಟ್ಟಿನಲ್ಲಿ ಸರಿಯಾಗಿ ಹಾಕಿಸಿ, ಆಧಾರ್‌ನಲ್ಲಿ ಇರುವ ಹಾಗೆ.

ಋಷಿಕೇಶದಲ್ಲಿ ಒಂದು ರಾತ್ರಿ ಮಲಗಲೇಬೇಕು. ಇದನ್ನು ಉಳಿಸಲು ಹೋಗಿ ನಾನು ಹಿಂದೊಮ್ಮೆ ಕೆಟ್ಟಿದ್ದೇನೆ. ಆಗ ಒಬ್ಬ ಏಜೆಂಟನ ಗುಂಪಿನಲ್ಲಿ ಬದರಿಗೆ ಹೋಗಿದ್ದೆ. ರೈಲಿನಿಂದ ಇಳಿಸಿ ನೇರ ಜೀಪಿನ ಹಿಂದಿನ ಸೀಟಿಗೆ ತುಂಬಿದ. ಬದರಿ ದಾರಿಯಲ್ಲೇ ಸಿಗುವ ಶ್ರೀನಗರ ತಲುಪುವಷ್ಟರಲ್ಲಿ ಏಳು ಜನರಲ್ಲಿ ಐದು ಜನ ವಾಂತಿ. ಉಳಿದಿಬ್ಬರು ಅವರನ್ನು ನೋಡಿ.

ಋಷಿಕೇಶದಿಂದ ಊಖೀಮಠ ಸುಮಾರು 180 ಕಿಲೋಮೀಟರ್. ಇಷ್ಟೇನಾ, ಮಂಡ್ಯದಿಂದ ಮೈಸೂರಿಗೆ ಎರಡು ಸಲ ಹೋಗಿಬಂದಷ್ಟು ಅನ್ನಿಸುತ್ತದೆ. ಅಲ್ಲಿ ಅದಕ್ಕೆ ಏಳೆಂಟು ಗಂಟೆ ಬೇಕು. ಬೆಟ್ಟದ ದಾರಿಯಲ್ಲಿ ಕಿಲೋಮೀಟರ್ ಲೆಕ್ಕ ಬಿಟ್ಟು ಗಂಟೆ ಲೆಕ್ಕ ಹಿಡಿಯಿರಿ. ದೇವಪ್ರಯಾಗ ಎಪ್ಪತ್ತು ಕಿಲೋಮೀಟರಿಗೆ ಸಿಗುತ್ತದೆ. ಭಾಗೀರಥಿಯೂ ಅಲಕನಂದೆಯೂ ಕೂಡಿ ಗಂಗೆಯೆಂಬ ಹೆಸರು ಪಡೆಯುವ ಜಾಗ ಅದು, ಎರಡು ಬಣ್ಣದ ನೀರು ರಸ್ತೆಯಿಂದಲೇ ಕಾಣುತ್ತದೆ. ಆಮೇಲೆ ಶ್ರೀನಗರ, ಇದು ಕಾಶ್ಮೀರದ್ದಲ್ಲ, ಮನೆಯವರಿಗೆ ಫೋನಿನಲ್ಲಿ ಬಿಡಿಸಿ ಹೇಳಿ. ನಮ್ಮೆಜಮಾನರು ಅರ್ಧ ದಿನ ಗಾಬರಿಯಾಗಿದ್ದರು. ನಂತರ ರುದ್ರಪ್ರಯಾಗ. ಅಲ್ಲಿ ಬದರಿ ದಾರಿ ಬೇರೆಯಾಗುತ್ತದೆ, ನಾವು ಮಂದಾಕಿನಿಯ ಪಕ್ಕ ಹಿಡಿದು ಅಗಸ್ತ್ಯಮುನಿ ದಾಟಿ ಕುಂಡ ಸೇರುತ್ತೇವೆ. ಕುಂಡದಲ್ಲಿ ಒಂದು ದಾರಿ ಗುಪ್ತಕಾಶಿ, ಗೌರಿಕುಂಡದ ಕಡೆಗೆ, ಇನ್ನೊಂದು ಊಖೀಮಠಕ್ಕೆ. ಬರೀ ಕೇದಾರ ಎಂದರೆ ಡ್ರೈವರ್ ಗುಪ್ತಕಾಶಿ ಕಡೆ ತಿರುಗಿಸಿಬಿಟ್ಟಾನು. ಹತ್ತುವಾಗಲೇ ಊಖೀಮಠ ಎಂದು ಬಿಡಿಸಿ ಹೇಳಿ.

ಬೆಳಗ್ಗೆ ಐದಕ್ಕೆಲ್ಲ ಹೊರಡಿ. ಬೆಟ್ಟದಲ್ಲಿ ರಾತ್ರಿ ಬಸ್ಸಿನ ಭರವಸೆಯಿಲ್ಲ. ಬಸ್ಸು ಅಗ್ಗ, ಆದರೆ ಹಿರಿಯರಿದ್ದರೆ ಶೇರ್ ಜೀಪೇ ವಾಸಿ, ಅದರಲ್ಲೂ ಡ್ರೈವರ್ ಪಕ್ಕದ ಸೀಟು. ಆ ಸಾಲಿನಲ್ಲಿ ಇಬ್ಬರನ್ನು ಕೂರಿಸುತ್ತಾರೆ. ಎರಡೂ ಸೀಟಿನ ದುಡ್ಡು ನೀವೇ ಕೊಟ್ಟು ಅವ್ವನನ್ನು ಒಬ್ಬಳನ್ನೇ ಕೂರಿಸಿ. ಕಾಲು ಚಾಚಲು ಜಾಗ ಸಿಗುತ್ತದೆ, ಎದುರಿನ ದಾರಿ ಕಾಣುವುದರಿಂದ ಹೊಟ್ಟೆ ತೊಳಸುವುದಿಲ್ಲ. ಅಷ್ಟು ದೂರಕ್ಕೆ ನಾವು ಹೆಚ್ಚಿಗೆ ಕೊಟ್ಟ ದುಡ್ಡಿನಲ್ಲಿ ಇದೊಂದೇ ಪೂರ್ತಿ ದಕ್ಕಿದ್ದು. ವಾಂತಿ ಮಾತ್ರೆಯನ್ನು ಡಾಕ್ಟರನ್ನು ಕೇಳಿಕೊಂಡು, ಹತ್ತುವ ಅರ್ಧ ಗಂಟೆ ಮೊದಲೇ ಕೊಡಿ. ತಿರುವು ಶುರುವಾದ ಮೇಲೆ ಕೊಟ್ಟರೆ ಅದೂ ಆಚೆ ಬರುತ್ತದೆ. ಹೊಟ್ಟೆಗೆ ಎರಡು ಇಡ್ಲಿಯಷ್ಟು ಇರಲಿ, ಪೂರ್ತಿ ಖಾಲಿ ಬೇಡ.

ಬಟ್ಟೆಯ ವಿಷಯಕ್ಕೆ ಬಂದೆ, ಇದು ನನ್ನ ಕಸುಬು. ನವೆಂಬರ್ ಕೊನೆಗೆ ಹಗಲು ಎಳೆಬಿಸಿಲು ಹಿತವಾಗಿರುತ್ತದೆ, ಸೂರ್ಯ ಗುಡ್ಡದ ಹಿಂದೆ ಹೋದ ಐದೇ ನಿಮಿಷಕ್ಕೆ ಹಲ್ಲು ಕಟಕಟ. ಅದಕ್ಕೆ ಒಂದು ದಪ್ಪ ಸ್ವೆಟರಿಗಿಂತ ಎರಡು ತೆಳುವಾದವು ಒಳ್ಳೆಯದು, ಒಂದು ತೆಗೆದು ಒಂದು ಇಟ್ಟುಕೊಳ್ಳಬಹುದು. ನಮ್ಮ ಹೆಂಗಸರು ಮೇಲೆ ಮೂರು ಶಾಲು ಹೊದ್ದು ಕೆಳಗೆ ಕಾಟನ್ ಲಂಗದಲ್ಲಿ ಇರುತ್ತಾರೆ; ಚಳಿ ಹತ್ತುವುದು ಕಾಲಿನಿಂದ. ನಾನು ಮನೆಯಲ್ಲಿದ್ದ ಹಳೇ ಸ್ವೆಟರೊಂದರ ತೋಳುಗಳನ್ನು ಭುಜದ ಹತ್ತಿರ ಕತ್ತರಿಸಿ, ಮೇಲ್ತುದಿ ಮಡಿಸಿ ಎಲಾಸ್ಟಿಕ್ ಸೇರಿಸಿದೆ. ಕೈಮುಂಗಟ್ಟಿನ ತುದಿ ಕಣಕಾಲಿಗೆ, ಅಗಲದ ತುದಿ ಮಂಡಿಯ ಮೇಲೆ. ಅಂಗಡಿಯ ನೀ ಕ್ಯಾಪಿಗಿಂತ ಇದು ಬೆಚ್ಚಗೆ, ಬಿಗಿಯೂ ಇಲ್ಲ. ಎಲಾಸ್ಟಿಕ್ಕನ್ನು ಮಾತ್ರ ಎರಡು ಬೆರಳು ಸಡಿಲ ಬಿಡಿ, ಇಲ್ಲದಿದ್ದರೆ ಕಾಲು ಊದುತ್ತದೆ. ಸೀರೆಯನ್ನು ಎಂದಿಗಿಂತ ಎರಡಿಂಚು ಎತ್ತಿ ಉಡಿಸಿ; ಜೀಪು ಹತ್ತುವಾಗ ನೆರಿಗೆ ತುಳಿದು ಬೀಳುವವರೇ ಹೆಚ್ಚು.

ಲಂಗದ ಒಳಗೆ ಸೊಂಟದ ಪಟ್ಟಿಗೆ ತಾಗಿಸಿ ಆರಿಂಚು ಅಗಲ, ಐದಿಂಚು ಆಳದ ಜೇಬು ಹೊಲಿದು ಜಿಪ್ ಹಾಕಿದೆ. ಆಧಾರ್ ಕಾರ್ಡು, ಸ್ವಲ್ಪ ನಗದು, ನನ್ನ ನಂಬರ್ ಬರೆದ ಚೀಟಿ, ದಿನವೂ ನುಂಗುವ ಮಾತ್ರೆಗಳ ಹೆಸರು. ನಗದು ಇರಲೇಬೇಕು. ಮೊಬೈಲಿನಲ್ಲಿ ದುಡ್ಡು ಕಟ್ಟುವುದು ಬಜಾರಿನಲ್ಲಿ ನಡೆಯುತ್ತದೆ, ನೆಟ್‌ವರ್ಕ್ ಹೋದ ಸಂಜೆ ನಡೆಯುವುದಿಲ್ಲ.

ಕೋಣೆ ಹಿಡಿಯುವಾಗ ಒಂದು ಮೋಸ ಇದೆ. ಮೋಸ ಅಂದರೆ ಯಾರೂ ಮಾಡಿದ್ದಲ್ಲ, ಬೆಟ್ಟದ್ದು. "ಕೆಳಗಿನ ಮಹಡಿ ಕೊಡಿ" ಎಂದು ಕೇಳಿದೆ, ಕೊಟ್ಟರು. ಹೋಗಿ ನೋಡಿದರೆ ರಸ್ತೆಯಿಂದ ಇಪ್ಪತ್ತೆಂಟು ಮೆಟ್ಟಿಲು ಕೆಳಕ್ಕೆ! ಇಳಿಜಾರಿನಲ್ಲಿ ಕಟ್ಟಿದ ಮನೆಗಳಿಗೆ ರಸ್ತೆಯ ಮಟ್ಟದಲ್ಲಿರುವುದು ಎಷ್ಟೋ ಸಲ ಮೇಲಿನ ಮಹಡಿ. ಹಾಗಾಗಿ "ನೀಚೇ" ಅನ್ನಬೇಡಿ, "ಸಡಕ್ ಕೇ ಬರಾಬರ್ ಕಮ್ರಾ" ಎಂದು ಕೇಳಿ. ಜೊತೆಗೆ "ಇಂಗ್ಲಿಷ್ ಟಾಯ್ಲೆಟ್" ಇದೆಯಾ, "ಗರಂ ಪಾನಿ" ಬಕೆಟ್ಟಿಗೆ ಬೇರೆ ದುಡ್ಡಾ, ಈ ಎರಡನ್ನು ಚೀಲ ಇಳಿಸುವ ಮೊದಲೇ ಕೇಳಿಬಿಡಿ. ಊರಿನಲ್ಲಿ ಸಣ್ಣ ಲಾಡ್ಜುಗಳಿವೆ, ಭಾರತ ಸೇವಾಶ್ರಮ ಸಂಘದ ಆಶ್ರಮವೂ ಇದೆ. ನಮ್ಮನ್ನು ಆಧಾರ್ ಬಿಟ್ಟು ಬೇರೇನೂ ಕೇಳಲಿಲ್ಲ.

ಎರಡು ರಾತ್ರಿಯಾದರೂ ಉಳಿಯಿರಿ. ಪ್ಯಾಕೇಜಿನವರು ಊಖೀಮಠವನ್ನು ಅರ್ಧ ಗಂಟೆ ನಿಲ್ಲಿಸಿ ಹೊರಡುವ ಊರು ಮಾಡಿಟ್ಟಿದ್ದಾರೆ. ಬೆಳಗಿನ ದರ್ಶನ ಒಂದು, ಸಂಜೆಯ ಆರತಿ ಒಂದು, ಮರುದಿನ ಏನೂ ಇಲ್ಲದೆ ಗುಡಿಯ ಅಂಗಳದ ಬಿಸಿಲಿನಲ್ಲಿ ಕೂರುವುದು ಒಂದು. ಮೂರನೆಯದಕ್ಕೇ ಅವ್ವ ಅಷ್ಟು ದೂರ ಬಂದದ್ದು ಅಂತ ನನಗನ್ನಿಸಿತು.

ಗುಡಿಯ ಬಾಗಿಲು ಬಣ್ಣಬಣ್ಣದ್ದು, ಒಳಗೆ ಕಲ್ಲಿನ ಗೋಪುರ, ಸುತ್ತ ಮರದ ಕೆತ್ತನೆಯ ಹಳೆಯ ಕಟ್ಟಡಗಳು. ಮಾಂಧಾತ ರಾಜ ಇಲ್ಲಿ ತಪಸ್ಸು ಮಾಡಿ ಓಂಕಾರ ಕೇಳಿದ ಎಂಬುದು ಓಂಕಾರೇಶ್ವರನ ಕಥೆ. ಊರಿನ ಹೆಸರು ಬಾಣಾಸುರನ ಮಗಳು ಉಷೆಯಿಂದ ಬಂದದ್ದಂತೆ. ಅವಳಿಗೂ ಕೃಷ್ಣನ ಮೊಮ್ಮಗ ಅನಿರುದ್ಧನಿಗೂ ಮದುವೆಯಾದ ಜಾಗ ಎನ್ನುತ್ತಾರೆ. ಉಷಾಮಠ ಬಾಯಿಂದ ಬಾಯಿಗೆ ಹೋಗಿ ಊಖೀಮಠ. ಕೇದಾರಪೀಠ ಇರುವುದೂ ಇಲ್ಲೇ. ಬಾಳೆಹೊನ್ನೂರು, ಉಜ್ಜಯಿನಿ, ಶ್ರೀಶೈಲ, ಕಾಶಿಯ ಜೊತೆ ವೀರಶೈವರ ಪಂಚಪೀಠಗಳಲ್ಲಿ ಒಂದು. ಕೇದಾರದ ರಾವಲ್, ಅಂದರೆ ಮುಖ್ಯ ಗುರುಗಳು, ವೀರಶೈವ ಜಂಗಮ ಪರಂಪರೆಯವರು, ಕರ್ನಾಟಕದ ಕಡೆಯಿಂದ ಬರುವವರು. ರಾವಲರು ತಾವೇ ಕೇದಾರದಲ್ಲಿ ಪೂಜೆಗೆ ಕೂರುವುದಿಲ್ಲ, ಅವರು ನೇಮಿಸಿದ ಅರ್ಚಕರು ಮಾಡುತ್ತಾರೆ. ಅತ್ತ ಬದರಿಯ ರಾವಲರು ಕೇರಳದ ನಂಬೂದಿರಿಗಳು. ಹಿಮಾಲಯದ ಎರಡು ದೊಡ್ಡ ಗುಡಿಗೆ ಪೂಜೆಯವರು ನಮ್ಮ ದಕ್ಷಿಣದವರು!

ಇದೆಲ್ಲ ಮೊದಲೇ ಗೊತ್ತಿದ್ದರೂ, ಪ್ರಸಾದ ಕೊಡುತ್ತಿದ್ದವರು ಅವ್ವನ ಸೀರೆ, ಹಣೆಯ ವಿಭೂತಿ ನೋಡಿ "ಎಲ್ಲಿಂದ ಬಂದೀರಿ ಅವ್ವಾರ?" ಎಂದು ಉತ್ತರ ಕರ್ನಾಟಕದ ಮಾತಿನಲ್ಲಿ ಕೇಳಿದಾಗ ನನಗೆ ಒಂದು ಕ್ಷಣ ಎಲ್ಲಿದ್ದೇನೆಂದು ತಿಳಿಯಲಿಲ್ಲ. ಅವ್ವನಿಗೆ ಆಶ್ಚರ್ಯವೇ ಆಗಲಿಲ್ಲ. ಶಿವನ ಗುಡಿಯಲ್ಲಿ ಕನ್ನಡ ಆಡದೆ ಇನ್ನೇನು ಆಡುತ್ತಾರೆ ಎಂಬಂತೆ "ಮಂಡ್ಯದೋರು ಕನಪ್ಪ. ಮೊಣಕಾಲು ನೋವು, ಮೇಲಕ್ಕೆ ಹತ್ತಾಕಾಗಾಕಿಲ್ಲ" ಎಂದಳು. ನೀವು ಹೋದಾಗಲೂ ಮೆಲ್ಲಗೆ ಕನ್ನಡದಲ್ಲಿ ಮಾತಾಡಿ ನೋಡಿ. ಒಳಗೆ ಫೋಟೋ ತೆಗೆಯಬೇಡಿ. ಕಲ್ಲುನೆಲ ಬೆಳಗ್ಗೆ ಮಂಜುಗಡ್ಡೆಯ ಹಾಗಿರುತ್ತದೆ, ಉಣ್ಣೆಯ ಕಾಲುಚೀಲ ಇನ್ನೊಂದು ಜೊತೆ ಕೈಯಲ್ಲಿರಲಿ.

ತಡವಾಗಿ ಹೋದದ್ದು ಒಳ್ಳೆಯದಾಯಿತು ಎಂದೆನಲ್ಲ. ಆ ಸೀಮೆಯ ಐದು ಶಿವನ ಗುಡಿಗಳಾದ ಪಂಚಕೇದಾರಗಳಲ್ಲಿ ಎರಡನೆಯದಾದ ಮದ್ಮಹೇಶ್ವರನ ಚಳಿಗಾಲದ ಮನೆಯೂ ಇದೇ ಗುಡಿ. ಅವನ ಬಾಗಿಲು ಹಾಕುವುದು ಕೇದಾರಕ್ಕಿಂತ ತಡ. 2024ರಲ್ಲಿ ಅವನ ಡೋಲಿ ಊಖೀಮಠಕ್ಕೆ ಬಂದದ್ದು ನವೆಂಬರ್ 23ಕ್ಕೆ. ನಾವು ಬಂದಿಳಿದ ಮರುದಿನ. ನಮಗೆ ಗೊತ್ತೇ ಇರಲಿಲ್ಲ. ಬೆಳಗ್ಗೆ ಎದ್ದರೆ ಬಜಾರಿನಲ್ಲಿ ಜಾತ್ರೆ: ಬಳೆ, ಜಿಲೇಬಿ, ಉಣ್ಣೆ ಟೋಪಿ. ಡೋಲು, ಉದ್ದನೆಯ ಕಹಳೆ, ಹೂವಿನಲ್ಲಿ ಮುಚ್ಚಿಹೋದ ಪಲ್ಲಕ್ಕಿ. ಹೆಂಗಸರು ಮನೆ ಬಾಗಿಲಿನಲ್ಲಿ ಅಕ್ಕಿ ಹಿಡಿದು ನಿಂತಿದ್ದರು, ತವರಿನಿಂದ ಬಂದವರನ್ನು ಕರೆದುಕೊಳ್ಳುವ ಹಾಗೆ. ಅವ್ವನನ್ನು ಒಂದು ಅಂಗಡಿಯ ಜಗಲಿಯ ಮೇಲೆ ಕೂರಿಸಿದೆ. ಅಂಗಡಿಯ ಹೆಂಗಸು ಕೇಳದೆಯೇ ಮೊಣಕಾಲಿಗೆ ಕಂಬಳಿ ಹೊದಿಸಿದಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಇಬ್ಬರೂ ಮಧ್ಯಾಹ್ನದವರೆಗೆ ಮಾತಾಡಿದರು. ಕೇದಾರ ಗುಡಿಯೊಳಗೆ, ಅವನ ತಮ್ಮ ಬೀದಿಯಲ್ಲಿ. ಒಂದೇ ಖರ್ಚಿನಲ್ಲಿ ಎರಡು ದರ್ಶನ. ನಿಮಗೆ ದಿನ ಆರಿಸುವ ಸ್ವಾತಂತ್ರ್ಯ ಇದ್ದರೆ ಈ ಜಾತ್ರೆಗೆ ಹೊಂದಿಸಿಕೊಳ್ಳಿ, ಕೋಣೆಯನ್ನು ಮಾತ್ರ ಮೊದಲೇ ಹೇಳಿಟ್ಟುಕೊಳ್ಳಿ.

ಊಟದ ಬಗ್ಗೆ ಹೆದರಿ ನಾನು ಮೂರು ಕೆಜಿ ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು ಹೊತ್ತಿದ್ದೆ. ಅರ್ಧ ವಾಪಸ್ ತಂದೆ. ಅಲ್ಲಿ "ಮಂಡುವಾ" ರೊಟ್ಟಿ ಅಂತ ಕಪ್ಪಗಿನದೊಂದು ಕೊಡುತ್ತಾರೆ, ಮೇಲೆ ತುಪ್ಪ ಸವರಿ. ಅವ್ವ ಒಂದು ಚೂರು ಮುರಿದು ಬಾಯಿಗಿಟ್ಟವಳೇ ನನ್ನ ಮುಖ ನೋಡಿದಳು. "ರಾಗಿ ಕನ್ ಮಗ!" ಹೌದು, ಮಂಡುವಾ ಎಂದರೆ ನಮ್ಮ ರಾಗಿಯೇ. "ಗಹತ್" ಎಂದರೆ ಹುರುಳಿಕಾಳು, "ಝಂಗೋರಾ" ಎಂದರೆ ಊದಲು. ಈ ಮೂರು ಹೆಸರು ಬಾಯಿಪಾಠ ಮಾಡಿಕೊಂಡರೆ ಮಂಡ್ಯದವರು ಈ ಗಢವಾಲ ಸೀಮೆಯಲ್ಲಿ ಉಪವಾಸ ಬೀಳುವುದಿಲ್ಲ. ಮರುದಿನ ಅವ್ವ ಆ ಢಾಬಾದ ಅಡುಗೆಮನೆಗೇ ನುಗ್ಗಿ, ನೀರು ಕುದಿಸಿ, ಚಪಾತಿ ಲಟ್ಟಣಿಗೆಯನ್ನೇ ಹಿಟ್ಟಿನ ಕೋಲು ಮಾಡಿಕೊಂಡು ಮುದ್ದೆ ತೊಳಸಿದಳು. ಗಂಟಾಯಿತು, ಹಿಟ್ಟು ನಮ್ಮದರಷ್ಟು ನುಣ್ಣಗಿರಲಿಲ್ಲ. ಆದರೂ ಗಹತ್ ದಾಲಿಗೆ ಅದ್ದಿ ನುಂಗಿದೆವು. ಢಾಬಾದವನು ಅಗಿಯುತ್ತಾ ಕೂತ. ನುಂಗಬೇಕಪ್ಪಾ ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದ್ದು ಅವನಿಗೆ ನಂಬಿಕೆಯಾಗಲಿಲ್ಲ.

ಸುತ್ತಾಡಲು ಶಕ್ತಿ ಇದ್ದವರಿಗೆ: ಸಾರಿ ಎಂಬ ಹಳ್ಳಿಯವರೆಗೆ ಜೀಪು, ಅಲ್ಲಿಂದ ಎರಡೂವರೆ ಕಿಲೋಮೀಟರ್ ಏರಿದರೆ ದೇವರಿಯಾ ತಾಲ್, ನೀರು ಅಲುಗದ ಬೆಳಗಿನಲ್ಲಿ ಚೌಖಂಬಾ ಶಿಖರ ಅದರೊಳಗೆ ತಲೆಕೆಳಗಾಗಿ ನಿಂತಿರುತ್ತದೆ. ನಾನು ಅವ್ವನನ್ನು ಅಂಗಡಿಯ ಹೆಂಗಸಿನ ಹತ್ತಿರ ಬಿಟ್ಟು ಒಬ್ಬಳೇ ಹೋಗಿಬಂದೆ. ಏರದವರಿಗೆ ಚೋಪ್ತಾ, ಸುಮಾರು ಮೂವತ್ತು ಕಿಲೋಮೀಟರ್, ಕಾರಿನಲ್ಲೇ ಹೋಗಿ ಹುಲ್ಲುಗಾವಲು ನೋಡಿ ಬರಬಹುದು. ಅದು 2,600 ಮೀಟರಿನ ಮೇಲಿದೆ, ಬಿಪಿಯವರು ಹೆಚ್ಚು ಹೊತ್ತು ಇರಬೇಡಿ. ಚಳಿ ಬಲಿತ ಮೇಲೆ ಆ ರಸ್ತೆಯಲ್ಲಿ ಹಿಮ ಬೀಳುತ್ತದೆ. ಚೋಪ್ತಾದ ಮೇಲಿನ ತುಂಗನಾಥನೂ ಅಷ್ಟೊತ್ತಿಗೆ ಬಾಗಿಲು ಹಾಕಿಕೊಂಡು ಮಕ್ಕೂಮಠಕ್ಕೆ ಇಳಿದಿರುತ್ತಾನೆ. ಕಣಿವೆಯ ಆಚೆ ದಡದಲ್ಲಿ ಕಾಣುವ ಗುಪ್ತಕಾಶಿ ಒಂದು ಮಧ್ಯಾಹ್ನದ ಕೆಲಸ.

ವಾಪಸ್ ಬರುವ ರೈಲನ್ನು ಊಖೀಮಠ ಬಿಟ್ಟ ದಿನವೇ ರಾತ್ರಿಗೆ ಮಾಡಿಸಬೇಡಿ, ಮಧ್ಯೆ ಒಂದು ಇಡೀ ದಿನ ಇರಲಿ. ರುದ್ರಪ್ರಯಾಗ ದಾಟಿದ ಮೇಲೆ ಸಿರೋಬಗಡ ಎಂಬಲ್ಲಿ ಗುಡ್ಡ ಆಗಾಗ ಜರಿಯುತ್ತದೆ. ಮಳೆಯೇ ಇಲ್ಲದ ನವೆಂಬರಿನಲ್ಲೂ ನಾವು ಅಲ್ಲಿ ಕಲ್ಲು ತೆಗೆಯುವವರೆಗೆ ಎರಡು ಗಂಟೆ ಕೂತೆವು. ಜೀಪಿನವರೆಲ್ಲ ಗಡಿಯಾರ ನೋಡಿ ಗೊಣಗುತ್ತಿದ್ದರೆ ಅವ್ವ ಮಡಿಲಿನಲ್ಲಿದ್ದ ಎರಡು ಕೆಜಿ ಮಂಡುವಾ ಹಿಟ್ಟಿನ ಗಂಟು ಬಿಚ್ಚಿ, ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ, "ಇದ ನಮ್ಮೂರ್ ಮಿಲ್ಲಲ್ಲಿ ಇನ್ನೊಂದ್ ಸಲ ಬೀಸಿಸ್ಬೇಕು" ಎಂದಳು.